ಭುಜ ಬಿಗಿದಿದೆ: ಎಳೆಯಬೇಕೆ, ನೀವಿಸಬೇಕೆ, ಸುಮ್ಮನೆ ಬಿಡಬೇಕೆ?

ಈ ಸಲದ ಪತ್ರಗಳಲ್ಲಿ ಬಹುಪಾಲು ಭುಜದವೇ. ದೂರು ಒಂದೇ ಥರ ಕೇಳಿಸಿದರೂ ಮೂಲ ಒಂದೇ ಅಲ್ಲ. ಒಬ್ಬರಿಗೆ ಹಿತ ಕೊಟ್ಟ ಸ್ಟ್ರೆಚ್ ಇನ್ನೊಬ್ಬರ ನೋವು ಹೆಚ್ಚಿಸುತ್ತದೆ. ಹಾಗಾಗಿ ಪಕ್ಕದವರ ಉತ್ತರವನ್ನು ನಿಮ್ಮದೆಂದು ತೆಗೆದುಕೊಳ್ಳುವ ಮೊದಲು ನಿಮ್ಮ ಲಕ್ಷಣ ಅಲ್ಲಿ ಹೇಳಿದ್ದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಉತ್ತರಿಸಿದವರು ನಮ್ಮ ಫಿಸಿಯೋಥೆರಪಿ ಬಳಗದವರು.

ಪ್ರಶ್ನೆ: ವಯಸ್ಸು 34. ಬೆಳ್ಳಂದೂರಿನಲ್ಲಿ ಕೆಲಸ. ಮೂರು ದಿನ ಆಫೀಸು, ಎರಡು ದಿನ ಮನೆಯ ಡೈನಿಂಗ್ ಟೇಬಲ್. ಮಧ್ಯಾಹ್ನ ಮೂರರ ಹೊತ್ತಿಗೆ ಕುತ್ತಿಗೆಯಿಂದ ಭುಜದ ತನಕ ಹಗ್ಗ ಹಾಕಿ ಬಿಗಿದ ಹಾಗಾಗುತ್ತದೆ. ಕಿವಿಯನ್ನು ಭುಜದ ಕಡೆ ಬಾಗಿಸುವ ಸ್ಟ್ರೆಚ್ ಎರಡು ತಿಂಗಳಿಂದ ಮಾಡುತ್ತಿದ್ದೇನೆ. ಒಂದು ಗಂಟೆ ಹಿತ, ಆಮೇಲೆ ಅದೇ ಪಾಡು. ಮಸಾಜ್ ಗನ್ನೂ ತಂದಿದ್ದಾಯಿತು. ಇನ್ನೂ ಹೆಚ್ಚು ಹೊತ್ತು ಎಳೆಯಬೇಕೆ?
– ಎ. ಕೆ., ಎಚ್‌ಎಸ್‌ಆರ್ ಬಡಾವಣೆ

ಉತ್ತರ: ಬೇಡ. ಎರಡು ತಿಂಗಳು ಎಳೆದ ಮೇಲೂ ಜಗ್ಗದ ಸ್ನಾಯು ಬಹುಶಃ ಗಿಡ್ಡವಾಗಿಲ್ಲ, ದಣಿದಿದೆ. ನೀವು ಹೇಳುವ ಜಾಗದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲಿನದು ಟ್ರಪೀಝಿಯಸ್. ಅದರಡಿಯಲ್ಲಿ ಕುತ್ತಿಗೆಯ ಮೊದಲ ನಾಲ್ಕು ಮೂಳೆಗಳಿಂದ ಹೆಗಲ ಹಲಗೆಯ ಮೇಲ್ತುದಿಗೆ ಇಳಿಯುವುದು ಲಿವೇಟರ್ ಸ್ಕ್ಯಾಪ್ಯುಲೆ. ಲ್ಯಾಪ್‌ಟಾಪ್ ಮುಂದೆ ಮೊಣಕೈಗೆ ಆಸರೆ ಇಲ್ಲದೆ ಕೂತರೆ ಎರಡೂ ತೋಳಿನ ಭಾರ ಇವುಗಳ ಮೇಲೆ. ದಣಿದ ಸ್ನಾಯುವೂ ನಮಗೆ ಬಿಗಿಯಾಗಿಯೇ ಅನಿಸುತ್ತದೆ.

ಪರೀಕ್ಷೆ ಸುಲಭ. ನೆಟ್ಟಗೆ ಕೂತು ಕತ್ತನ್ನು ಎರಡೂ ಕಡೆ ತಿರುಗಿಸಿ ನೋಡಿ. ಆಮೇಲೆ ಎರಡೂ ಮೊಣಕೈಯಡಿಗೆ ದಿಂಬು ಒಟ್ಟಿ, ಭುಜಗಳು ತುಸು ಮೇಲಕ್ಕೆ ಬರುವಂತೆ ಆಸರೆ ಕೊಟ್ಟು ಮತ್ತೆ ತಿರುಗಿಸಿ. ಈ ಸಲ ಕತ್ತು ಸಲೀಸಾಗಿ ತಿರುಗಿ ಬಿಗಿ ಇಳಿದರೆ ತೊಂದರೆ ಇರುವುದು ಭಾರ ಹೊರುವುದರಲ್ಲಿ, ಉದ್ದದಲ್ಲಲ್ಲ.

ಮೊದಲು ಕೂರುವ ಜಾಗ ಸರಿಮಾಡಿ. ಡೈನಿಂಗ್ ಟೇಬಲ್ ಸಾಮಾನ್ಯವಾಗಿ ಟೈಪ್ ಮಾಡಲು ಎತ್ತರ ಹೆಚ್ಚು, ಅಲ್ಲಿ ಕೂತವರ ಭುಜ ತಾನಾಗಿಯೇ ಕಿವಿಯತ್ತ ಏರುತ್ತದೆ. ಕುರ್ಚಿಗೆ ದಿಂಬು ಹಾಕಿ ಏರಿಸಿಕೊಳ್ಳಿ, ಕಾಲು ನೆಲಕ್ಕೆ ಎಟುಕದಿದ್ದರೆ ಪಾದದಡಿ ಮಣೆ ಇಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಲ್ಯಾಪ್‌ಟಾಪನ್ನು ಎತ್ತರಿಸಿದ ಮೇಲೆ ಬೇರೆ ಕೀಬೋರ್ಡ್ ಬೇಕೇ ಬೇಕು. ಅದಿಲ್ಲದೆ ಸ್ಟ್ಯಾಂಡ್ ಮಾತ್ರ ಕೊಂಡರೆ ಕೈಗಳು ಇನ್ನೂ ಮೇಲಕ್ಕೆ ಹೋಗಿ ಪಾಡು ಕೆಡುತ್ತದೆ. ಹೆಲ್ಮೆಟ್‌ಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಔಟರ್ ರಿಂಗ್ ರೋಡಿನಲ್ಲಿ ಗಾಡಿ ಓಡಿಸುವ ಅಭ್ಯಾಸವಿದ್ದರೆ ಅದನ್ನಂತೂ ಇವತ್ತೇ ಬಿಡಿ. ಭುಜದ ಮಾತು ಆಮೇಲೆ, ತಲೆಯ ಮಾತು ಮೊದಲು.

ಇನ್ನು ವ್ಯಾಯಾಮ. ಡೆನ್ಮಾರ್ಕಿನಲ್ಲಿ ಕುತ್ತಿಗೆ–ಭುಜದ ನೋವಿದ್ದ ಕಚೇರಿ ನೌಕರರಿಗೆ ರಬ್ಬರ್ ಟ್ಯೂಬಿನಿಂದ ತೋಳೆತ್ತುವ ಒಂದೇ ವ್ಯಾಯಾಮವನ್ನು ದಿನಕ್ಕೆ 2 ನಿಮಿಷದಂತೆ 10 ವಾರ ಮಾಡಿಸಿದ ಅಧ್ಯಯನವಿದೆ. ನೋವು ಗಣನೀಯವಾಗಿ ಕಡಿಮೆಯಾಯಿತು. ಮಾಡುವುದು ಹೀಗೆ: ಟ್ಯೂಬಿನ ನಡುಭಾಗವನ್ನು ಪಾದದಡಿ ಮೆಟ್ಟಿ, ತುದಿಗಳನ್ನು ಹಿಡಿದು, ಮೊಣಕೈ ತುಸುವೇ ಬಾಗಿರುವಂತೆ ಎರಡೂ ತೋಳನ್ನು ಭುಜದ ಮಟ್ಟಕ್ಕೆ ಎತ್ತಿ, ಅಷ್ಟೇ ನಿಧಾನವಾಗಿ ಇಳಿಸಿ. ತೋಳು ನೇರ ಪಕ್ಕಕ್ಕೆ ಹೋಗದೆ ಸ್ವಲ್ಪ ಮುಂದಕ್ಕೆ, ಸುಮಾರು 30 ಡಿಗ್ರಿ, ಓರೆಯಾಗಿರಲಿ. ನೇರ ಪಕ್ಕಕ್ಕೆ ಎತ್ತಿದರೆ ಕೆಲವರಿಗೆ ಭುಜದ ಮೇಲ್ತುದಿಯಲ್ಲಿ ಚುಚ್ಚುತ್ತದೆ. ವಾರಕ್ಕೆ 5 ದಿನ ಮಾಡಿ. ಎರಡು ನಿಮಿಷ ಪೂರ್ತಿ ಸರಾಗವಾಗಿ ಆಗತೊಡಗಿದರೆ ಇನ್ನೂ ದಪ್ಪ ಟ್ಯೂಬ್ ತೆಗೆದುಕೊಳ್ಳಿ. ಮೊದಲ ವಾರ ಸ್ನಾಯು ನೋವು ಬರುವುದು ಸಹಜ.

ನೀವು ನಿಜವಾಗಿ ಎಳೆಯಬೇಕಾದ್ದು ಎದೆಯ ಮುಂಭಾಗ ಇರಬಹುದು. ಬಾಗಿಲ ಚೌಕಟ್ಟಿಗೆ ಮುಂಗೈ ಒತ್ತಿ ನಿಂತು, ಮೊಣಕೈ ಭುಜಕ್ಕಿಂತ ನಾಲ್ಕು ಬೆರಳು ಕೆಳಗಿರುವಂತೆ ನೋಡಿಕೊಂಡು, ಅದೇ ಕಡೆಯ ಕಾಲನ್ನು ಒಂದು ಹೆಜ್ಜೆ ಮುಂದಿಡಿ. ಸೆಳೆತ ಎದೆಯಲ್ಲಿ ಗೊತ್ತಾಗಬೇಕು. ಭುಜದ ಮುಂದಿನ ಮೂಳೆಯ ಬಳಿ ಗೊತ್ತಾದರೆ ಕೈ ತೀರಾ ಮೇಲಿದೆ, ಇಲ್ಲವೇ ನೀವು ಸೊಂಟ ಬಗ್ಗಿಸಿ ಮುಂದೆ ಜೋಲುತ್ತಿದ್ದೀರಿ. 30 ಸೆಕೆಂಡು, ಎರಡು ಸಲ, ಸಾಕು.

ಮಸಾಜ್ ಗನ್ ಎಸೆಯಬೇಕಾಗಿಲ್ಲ. ಮಾಂಸಲ ಭಾಗದ ಮೇಲೆ 1–2 ನಿಮಿಷ ಆಡಿಸಿ. ಕತ್ತಿನ ಮುಂಭಾಗ, ಪಕ್ಕ, ಬೆನ್ನುಮೂಳೆಯ ಮೇಲೆ ಬೇಡ. ಅದು ಕೊಡುವ ಹಿತ ನರಗಳ ಮಟ್ಟದ್ದು, ತಾತ್ಕಾಲಿಕ. ಆ ಒಂದು ಗಂಟೆಯಲ್ಲಿ ಟ್ಯೂಬ್ ಹಿಡಿದರೆ ಅದು ಸಾರ್ಥಕ.

ಪ್ರಶ್ನೆ: ನನಗೆ 52. ಸಕ್ಕರೆ ಕಾಯಿಲೆ ಎಂಟು ವರ್ಷದಿಂದ ಇದೆ. ನಾಲ್ಕು ತಿಂಗಳಿಂದ ಎಡಗೈ ಹಿಂದಕ್ಕೆ ಹೋಗುತ್ತಿಲ್ಲ. ಜಡೆ ಹಾಕಲು, ಒಳ ಉಡುಪಿನ ಹುಕ್ ಹಾಕಲು ಮಗಳೇ ಬೇಕು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು. ಊರಿನ ಕಡೆ ಉಳುಕು ತೆಗೆಯುವವರ ಹತ್ತಿರ ಎಣ್ಣೆ ಹಚ್ಚಿಸಿ ಎಳೆಸಿದೆ, ಎರಡು ವಾರ ಕೈ ಎತ್ತಲಾಗಲಿಲ್ಲ. ಮುಂದೇನು?
– ಗೃಹಿಣಿ, ರಾಜಾಜಿನಗರ

ಉತ್ತರ: ನೀವು ಬರೆದಿರುವುದು ಫ್ರೋಝನ್ ಶೋಲ್ಡರ್‌ಗೆ, ಅಂದರೆ ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆಗೆ, ಚೆನ್ನಾಗಿ ಹೊಂದುತ್ತದೆ. 40ರಿಂದ 60ರ ವಯಸ್ಸು, ಹೆಣ್ಣುಮಕ್ಕಳು, ಸಕ್ಕರೆ ಕಾಯಿಲೆ: ಮೂರೂ ಅದಕ್ಕೆ ಅನುಕೂಲ. ಥೈರಾಯ್ಡ್ ತೊಂದರೆ ಇದ್ದವರಲ್ಲೂ ಇದು ಹೆಚ್ಚು, ಆ ಪರೀಕ್ಷೆ ಆಗದಿದ್ದರೆ ಮಾಡಿಸಿ.

ಖಚಿತಪಡಿಸಿಕೊಳ್ಳಲು ಮಗಳ ಸಹಾಯ ತೆಗೆದುಕೊಳ್ಳಿ. ಎರಡೂ ಮೊಣಕೈಯನ್ನು ಪಕ್ಕೆಗೆ ಅಂಟಿಸಿ, 90 ಡಿಗ್ರಿ ಮಡಚಿ, ಅಂಗೈಗಳನ್ನು ಹೊರಕ್ಕೆ ತೆರೆಯಿರಿ. ನಂತರ ನೀವು ಕೈ ಸಡಿಲ ಬಿಟ್ಟು, ಮಗಳು ಮೆಲ್ಲಗೆ ಹೊರಕ್ಕೆ ತಳ್ಳಲಿ. ಬಲಗೈ ಎಷ್ಟು ತೆರೆಯುತ್ತದೋ ಅದರ ಅರ್ಧದಷ್ಟೂ ಎಡಗೈ ತೆರೆಯದೆ, ಬೇರೆಯವರು ತಳ್ಳಿದರೂ ಅದೇ ಜಾಗದಲ್ಲಿ ನಿಂತುಬಿಟ್ಟರೆ ಬಿಗಿದಿರುವುದು ಸ್ನಾಯುವಲ್ಲ, ಕೀಲನ್ನು ಸುತ್ತಿರುವ ಕ್ಯಾಪ್ಸ್ಯೂಲ್ ಎಂಬ ಚೀಲ. ತಾವೇ ಎತ್ತಲು ಆಗದೆ ಬೇರೆಯವರು ಎತ್ತಿದರೆ ಸಲೀಸಾಗಿ ಏರುವ ಕೈಯಲ್ಲಿ ಭುಜದ ಕೀಲನ್ನು ಸುತ್ತಿ ಹಿಡಿದಿರುವ ರೊಟೇಟರ್ ಕಫ್ ಸ್ನಾಯುರಜ್ಜು ಹರಿದಿರಬಹುದು, ಅದರ ದಾರಿ ಬೇರೆ. ಎಕ್ಸ್‌ರೇಯಲ್ಲಿ ಕ್ಯಾಪ್ಸ್ಯೂಲ್ ಕಾಣುವುದಿಲ್ಲ. ಆದರೂ ಅದು ವ್ಯರ್ಥವಲ್ಲ, ಸಂಧಿವಾತ, ಸುಣ್ಣ ಕಟ್ಟಿದ್ದು ಇಂಥವು ಇಲ್ಲವೆಂದು ಅದರಿಂದಲೇ ಗೊತ್ತಾಗುವುದು.

ಆ ಚೀಲ ಮೊದಲು ಉರಿಯೂತಕ್ಕೆ ಒಳಗಾಗುತ್ತದೆ, ಆಮೇಲೆ ದಪ್ಪಗಟ್ಟಿ ಕುಗ್ಗುತ್ತದೆ, ಕೊನೆಗೆ ನಿಧಾನವಾಗಿ ಸಡಿಲವಾಗುತ್ತದೆ. ಒಟ್ಟು 1ರಿಂದ 3 ವರ್ಷ ಹಿಡಿಯಬಹುದು, ಸಕ್ಕರೆ ಇದ್ದವರಿಗೆ ತುಸು ಹೆಚ್ಚೇ. ರಾತ್ರಿ ನೋವು ನಿದ್ದೆ ಕೆಡಿಸುತ್ತಿದೆ ಎಂದರೆ ನೀವಿನ್ನೂ ಮೊದಲ ಹಂತದಲ್ಲಿದ್ದೀರಿ. ಆ ಹಂತದಲ್ಲಿ ಜೋರಾಗಿ ಎಳೆದರೆ ಉರಿಯೂತ ಕೆರಳುತ್ತದೆ, ನಿಮಗೆ ಆದದ್ದೂ ಅದೇ ಇರಬೇಕು. ಮುಟ್ಟು ನಿಂತವರಲ್ಲಿ ಮೂಳೆಯೂ ಸವೆದಿರಬಹುದು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು, ತಿಳಿದ ಸರ್ಜನ್ ಬಿಡಿಸುವಾಗಲೂ ತೋಳಿನ ಮೂಳೆ ಮುರಿದ ಉದಾಹರಣೆಗಳಿವೆ. ಎಣ್ಣೆ ಹಚ್ಚಿ ನೀವಿಸಿಕೊಳ್ಳುವುದಕ್ಕೆ ನಮ್ಮ ತಕರಾರಿಲ್ಲ, ಎಳೆಸಿಕೊಳ್ಳುವುದಕ್ಕಿದೆ. ಇನ್ನೊಮ್ಮೆ ಹೋಗಬೇಡಿ.

ಈಗ ಮಾಡಬೇಕಾದ್ದು ಮೂರು. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಟ್ಟ ಮೇಲೆ ಶುರುಮಾಡಿ. ಸಕ್ಕರೆ ಕಾಯಿಲೆಯಲ್ಲಿ ಚರ್ಮದ ಸ್ಪರ್ಶ ಮಂಕಾಗಿರಬಹುದು, ಬಿಸಿ ಎಷ್ಟಿದೆ ಎಂದು ಮಗಳು ಮುಟ್ಟಿ ನೋಡಲಿ.

ಮೊದಲನೆಯದು ತೂಗು. ಬಲಗೈಯನ್ನು ಮೇಜಿಗೆ ಊರಿ, ಸೊಂಟದಿಂದ ಬಾಗಿ, ಎಡಗೈ ಇಳಿಬಿಡಿ. ಅಲುಗಾಡಬೇಕಾದ್ದು ಕಾಲು, ಸೊಂಟ. ಅದರ ಜೊತೆ ಕೈ ತಾನೇ ತೂಗಬೇಕು. ಒಂದು ನಿಮಿಷ ಹಿಂದೆ ಮುಂದೆ, ಒಂದು ನಿಮಿಷ ಸಣ್ಣ ವೃತ್ತ. ಭುಜದ ಬಲದಿಂದಲೇ ಕೈ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು.

ಎರಡನೆಯದು ಜಾರಿಸುವುದು. ಊಟದ ಮೇಜಿನ ಮುಂದೆ ಕೂತು, ಅಂಗೈ ಅಡಿಗೆ ಒರೆಸುವ ಬಟ್ಟೆ ಹಾಕಿ, ಎದೆ ಬಗ್ಗಿಸುತ್ತಾ ಕೈಯನ್ನು ಮುಂದೆ ಜಾರಿಸಿ, 5 ಸೆಕೆಂಡು ನಿಲ್ಲಿಸಿ, ವಾಪಸ್. 10 ಸಲ.

ಮೂರನೆಯದೇ ಮುಖ್ಯ. ಮಂಚದ ಮೇಲೆ ಅಂಗಾತ ಮಲಗಿ, ಎಡ ಮೊಣಕೈಯಡಿ ಮಡಚಿದ ಟವೆಲ್ ಇಟ್ಟು, ಮೊಣಕೈ 90 ಡಿಗ್ರಿ ಮಡಚಿ. ಎರಡೂ ಕೈಯಲ್ಲಿ ಮಾಪ್‌ನ ಕೋಲು ಅಡ್ಡ ಹಿಡಿದು, ಬಲಗೈಯಿಂದ ತಳ್ಳುತ್ತಾ ಎಡ ಅಂಗೈಯನ್ನು ಹೊರಕ್ಕೆ ತೆರೆಯಿರಿ. ಬಿಗಿ ಶುರುವಾಗುವ ಜಾಗದಲ್ಲಿ 15 ಸೆಕೆಂಡು, 5 ಸಲ. ರಾತ್ರಿ ನೋವು ಇಳಿದ ಮೇಲೆ 30 ಸೆಕೆಂಡಿಗೆ ಏರಿಸಿ. ಮೊಣಕೈ ಪಕ್ಕೆಯಿಂದ ದೂರ ಸರಿದರೆ ಕೈ ತೆರೆದಂತೆ ಕಾಣುತ್ತದೆಯೇ ಹೊರತು ಕೀಲು ತೆರೆದಿರುವುದಿಲ್ಲ. ದಿನಕ್ಕೆ ಎರಡು ಹೊತ್ತು.

ಅಳತೆಗೋಲು ಇದು: ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ನೋವು ಬೇಡ, ಮುಗಿಸಿದ ಅರ್ಧ ಗಂಟೆಯಲ್ಲಿ ಅದು ಇಳಿದಿರಬೇಕು. ಆ ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಅರ್ಧದಷ್ಟೇ ಮಾಡಿ. ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯುವ ಸ್ಟ್ರೆಚ್ ಈಗಲೇ ಬೇಡ. ಆ ಚಲನೆ ಮರಳುವುದು ಕೊನೆಯಲ್ಲಿ, ಅವಸರ ಮಾಡಿದರೆ ನೋವಷ್ಟೇ ಲಾಭ. ಅಲ್ಲಿಯವರೆಗೆ ಮುಂದೆ ಹುಕ್ ಇರುವ ಉಡುಪು ಹಾಕಿ. ತೋಳಿಗೆ ಬಟ್ಟೆ ತೊಡುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಅದೇ ಕೊನೆ. ಅಂಗಾತ ಮಲಗುವಾಗ ಎಡ ತೋಳಿನಡಿ ಸಣ್ಣ ದಿಂಬಿರಲಿ.

ಫಿಸಿಯೋ ಕೈಯಿಂದ ಮಾಡುವ ಚಿಕಿತ್ಸೆ ಉಳುಕು ತೆಗೆಯುವವರ ಎಳೆತಕ್ಕಿಂತ ಬೇರೆ. ತೋಳನ್ನು ತಿರುಚುವುದಿಲ್ಲ, ಗುಂಡು ಮೂಳೆಯನ್ನು ಅದರ ಬಟ್ಟಲಿನಲ್ಲಿ ಕೆಲವೇ ಮಿಲಿಮೀಟರ್ ಹಿಂದಕ್ಕೆ ಅಥವಾ ಕೆಳಕ್ಕೆ ಜಾರಿಸುತ್ತಾರೆ. ಆಸ್ಟ್ರೇಲಿಯಾದ ಫಿಸಿಯೋ ಜೆಫ್ರಿ ಮೈಟ್‌ಲೆಂಡ್ ಇದಕ್ಕೆ ನಾಲ್ಕು ದರ್ಜೆ ಮಾಡಿದ್ದರು. 1 ಮತ್ತು 2 ನೋವಿಗೆ, 3 ಮತ್ತು 4 ಬಿಗಿತಕ್ಕೆ. ನಿಮಗೆ ಸದ್ಯಕ್ಕೆ ಮೊದಲೆರಡು. ಯಾರಾದರೂ ಮೊದಲ ದಿನವೇ ನೀವು ಕಿರುಚುವಷ್ಟು ಒತ್ತಿದರೆ ಹಂತ ನೋಡದೆ ಮಾಡುತ್ತಿದ್ದಾರೆ ಎಂದರ್ಥ.

ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಲು ಹೆದರಬೇಡಿ. ಮೊದಲ ಹಂತದಲ್ಲಿ ಅದು ನೋವನ್ನು ಚೆನ್ನಾಗಿ ಇಳಿಸುತ್ತದೆ, ವ್ಯಾಯಾಮಕ್ಕೆ ದಾರಿ ಮಾಡುತ್ತದೆ. ಆದರೆ ನಂತರ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ನಿಮ್ಮ ಸಕ್ಕರೆ ಡಾಕ್ಟರಿಗೆ ಮೊದಲೇ ಹೇಳಿ, ಆ ಒಂದು ವಾರ ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಆರು ತಿಂಗಳು ಸರಿಯಾಗಿ ಮಾಡಿಯೂ ಚಲನೆ ಒಂದಿಷ್ಟೂ ಹೆಚ್ಚದಿದ್ದರೆ ಕೀಲಿಗೆ ಸಲೈನ್ ತುಂಬಿ ಚೀಲ ಹಿಗ್ಗಿಸುವುದು, ಕೀಹೋಲ್ ಶಸ್ತ್ರಚಿಕಿತ್ಸೆ ಇವುಗಳ ಮಾತು ಬರುತ್ತದೆ. ಜಯನಗರದ ಸಂಜಯ್ ಗಾಂಧಿ ಸಂಸ್ಥೆಯಂಥ ಮೂಳೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ತೋರಿಸಬಹುದು.

ಪ್ರಶ್ನೆ: ವಯಸ್ಸು 58. ಮೆಟ್ರೋ ಮೆಟ್ಟಿಲು ಹತ್ತುವಾಗ ಎಡ ಭುಜ ಬಿಗಿಯುತ್ತದೆ, ಮೇಲೆ ಹೋಗಿ ನಿಂತರೆ ಎರಡು ನಿಮಿಷದಲ್ಲಿ ಸರಿ. ಯಾವ ಸ್ಟ್ರೆಚ್ ಮಾಡಲಿ?
– ಆರ್. ಎಸ್., ವಿಜಯನಗರ

ಉತ್ತರ: ಯಾವುದನ್ನೂ ಅಲ್ಲ. ಕೈ ಅಲ್ಲಾಡಿಸಿದರೆ ಬಾರದೆ ಮೆಟ್ಟಿಲು ಹತ್ತಿದರೆ ಬರುವ, ನಿಂತರೆ ಹೋಗುವ ಬಿಗಿತ ಹೃದಯದ್ದು ಎಂದೇ ಮೊದಲು ಎಣಿಸಬೇಕು. ಈ ವಾರವೇ ಹೃದಯ ತಜ್ಞರನ್ನು ಕಾಣಿ. ಸುಮ್ಮನೆ ಕೂತಾಗಲೂ ಬಂದರೆ, ಅಥವಾ ಬೆವರು, ಏದುಸಿರು, ದವಡೆ ನೋವು ಜೊತೆಗಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಇಸಿಜಿ ಒಮ್ಮೆ ಸರಿಯಿದೆ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಈ ಥರದ ನೋವಿಗೆ ಟ್ರೆಡ್‌ಮಿಲ್ ಪರೀಕ್ಷೆಯೋ ಬೇರೊಂದೋ ಬೇಕಾಗಬಹುದು, ಅದನ್ನು ವೈದ್ಯರು ನಿರ್ಧರಿಸಲಿ.

ಪ್ರಶ್ನೆ: ಕ್ಲಬ್ ಕ್ರಿಕೆಟ್ ಆಡುತ್ತೇನೆ, 21 ವರ್ಷ. ಬೌಂಡರಿಯಿಂದ ಥ್ರೋ ಮಾಡಿದ ಮೇಲೆ ಬಲ ಭುಜದ ಹಿಂಭಾಗ ಬಿಗಿಯಾಗುತ್ತದೆ. ಕೋಚ್ ಸ್ಲೀಪರ್ ಸ್ಟ್ರೆಚ್ (ಮಗ್ಗುಲಾಗಿ ಮಲಗಿ ಮುಂಗೈಯನ್ನು ಕೆಳಕ್ಕೆ ಒತ್ತುವುದು) ಹೇಳಿಕೊಟ್ಟರು. ಮಾಡಿದರೆ ಭುಜದ ಮುಂಭಾಗ ಚುಚ್ಚುತ್ತದೆ.
– ಎಂ., ಬನಶಂಕರಿ

ಉತ್ತರ: ಮೊದಲು ಅಳೆಯಿಸಿ. ಅಂಗಾತ ಮಲಗಿ, ತೋಳನ್ನು ಪಕ್ಕಕ್ಕೆ 90 ಡಿಗ್ರಿ ಇಟ್ಟು, ಹೆಗಲ ಹಲಗೆ ಏಳದಂತೆ ಯಾರಾದರೂ ಒತ್ತಿ ಹಿಡಿದು, ಮುಂಗೈಯನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ ಎರಡೂ ಕೈ ಹೋಲಿಸಬೇಕು. ಥ್ರೋ ಮಾಡುವ ಕೈ ಒಳಕ್ಕೆ ಕಡಿಮೆ, ಹೊರಕ್ಕೆ ಹೆಚ್ಚು ತಿರುಗುವುದು ವಾಡಿಕೆ. ಚಿಕ್ಕಂದಿನಿಂದ ಎಸೆದವರ ತೋಳಿನ ಮೂಳೆಯೇ ಹಾಗೆ ತಿರುಚಿ ಬೆಳೆದಿರುತ್ತದೆ, ಅದನ್ನು ಯಾವ ಸ್ಟ್ರೆಚ್ಚೂ ಬದಲಿಸದು. ಒಳ, ಹೊರ ಎರಡೂ ಕೂಡಿದ ಮೊತ್ತ ಎರಡು ಕೈಗಳಲ್ಲಿ ಸಮ ಇದ್ದರೆ ಎಳೆಯುವ ಗೋಜಿಗೆ ಹೋಗಬೇಡಿ. ಮೊತ್ತವೇ ಕಡಿಮೆ ಇದ್ದರೆ ಹಿಂಭಾಗ ಬಿಗಿದಿದೆ.

ಸ್ಲೀಪರ್‌ನಲ್ಲಿ ಚುಚ್ಚುವುದೇಕೆಂದರೆ ನೀವು ಪೂರ್ತಿ ಮಗ್ಗುಲಾಗಿ ಮಲಗಿ ಮುಂಗೈ ಒತ್ತುತ್ತೀರಿ. ಆಗ ಸ್ನಾಯುರಜ್ಜು ಭುಜದ ಮುಂದುಗಡೆ ಸಿಕ್ಕಿಕೊಳ್ಳುತ್ತದೆ. ಮೈಯನ್ನು 20–30 ಡಿಗ್ರಿ ಹಿಂದಕ್ಕೆ ಒರಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಎರಡು ಬೆರಳಿನಷ್ಟೇ ಬಲ ಹಾಕಿ ನೋಡಿ. ಆಗಲೂ ಚುಚ್ಚಿದರೆ ಬಿಟ್ಟುಬಿಡಿ. ಬದಲಿಗೆ ತೋಳನ್ನು ಎದೆಯ ಅಡ್ಡಕ್ಕೆ ಎಳೆಯುವ ಸ್ಟ್ರೆಚ್ ಮಾಡಿ. ಆದರೆ ಹೆಗಲ ಹಲಗೆಯ ಹೊರ ಅಂಚನ್ನು ಗೋಡೆಗೆ ಒರಗಿಸಿ ತಡೆದುಕೊಳ್ಳಿ. ಇಲ್ಲದಿದ್ದರೆ ಹಲಗೆಯೇ ಜಾರಿ ಬಂದು ಎಳೆತವೆಲ್ಲ ಬೆನ್ನಿಗೆ ಹೋಗುತ್ತದೆ. 30 ಸೆಕೆಂಡಿನಂತೆ 5 ಸಲ, ದಿನಕ್ಕೊಮ್ಮೆ, ಆಟ ಮುಗಿದ ಮೇಲೆ. ಆಟಕ್ಕೆ ಮೊದಲು ಉದ್ದ ಹೊತ್ತಿನ ಸ್ಟ್ರೆಚ್ ಬಲವನ್ನು ತುಸು ತಗ್ಗಿಸುತ್ತದೆ. ಆಗ ತೋಳು ತಿರುಗಿಸುವುದು, ಹತ್ತಿರದಿಂದ ಶುರುಮಾಡಿ ದೂರದ ಥ್ರೋಗೆ ಹೋಗುವುದು ಸಾಕು.

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷಿನ್ ಕೆಲಸ. ಬಲ ಭುಜ ಬಿಗಿದಿದೆ, ಹೆಬ್ಬೆರಳು, ತೋರುಬೆರಳು ಜುಮ್ಮೆನ್ನುತ್ತವೆ. ಕತ್ತು ಎಳೆದರೆ ಜುಮ್ಮು ಹೆಚ್ಚಾಗುತ್ತದೆ.
– ಎಲ್., ದಾಸರಹಳ್ಳಿ

ಉತ್ತರ: ಎಳೆಯುವುದನ್ನು ನಿಲ್ಲಿಸಿ. ಕುತ್ತಿಗೆಯಲ್ಲಿ ನರ ಒತ್ತಿಕೊಂಡಾಗ ಭುಜದ ಸ್ನಾಯು ಕಾವಲಿಗೆಂದು ಬಿಗಿದುಕೊಳ್ಳುತ್ತದೆ, ಅದನ್ನು ಎಳೆದರೆ ಕೆರಳಿದ ನರವೂ ಎಳೆಯುತ್ತದೆ. ಬಲ ಅಂಗೈಯನ್ನು ನೆತ್ತಿಯ ಮೇಲಿಟ್ಟು ಒಂದೆರಡು ನಿಮಿಷ ಕೂತು ನೋಡಿ. ಜುಮ್ಮು ಇಳಿದರೆ ಮೂಲ ಕುತ್ತಿಗೆಯದೇ ಇರಬಹುದು, ಮತ್ತು ಊಟದ ಬಿಡುವಿನಲ್ಲಿ ಅದೇ ನಿಮಗೆ ಆರಾಮದ ಭಂಗಿ. ರಾತ್ರಿ ಮಾತ್ರ ಜುಮ್ಮೆಂದು, ಕೈ ಕೊಡವಿದರೆ ಹೋಗುತ್ತದೆ ಎಂದಾದರೆ ತೊಂದರೆ ಮಣಿಕಟ್ಟಿನಲ್ಲಿರಬಹುದು. ಬಟ್ಟೆಯ ಕಡೆ ಬಗ್ಗುವ ಬದಲು ಸ್ಟೂಲನ್ನು ಮಷಿನ್‌ಗೆ ಒಂದು ಗೇಣು ಹತ್ತಿರ ಎಳೆದುಕೊಳ್ಳಿ. ಇಎಸ್‌ಐ ಕಡಿತ ಆಗುತ್ತಿದ್ದರೆ ಪೀಣ್ಯ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸುವುದು ನಿಮ್ಮ ಹಕ್ಕು. ಕೈಯಿಂದ ವಸ್ತು ಜಾರಿ ಬೀಳುವುದು, ಗುಂಡಿ ಹಾಕಲಾಗದಿರುವುದು, ನಡೆಯುವಾಗ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೋಗಿ.

ಪ್ರಶ್ನೆ: ಕಟಿಂಗ್ ಶಾಪಿನಲ್ಲಿ ತಲೆಗೆ ಮಸಾಜ್ ಮಾಡಿ ಕೊನೆಗೆ ಕತ್ತು 'ಲಟಕ್' ಅನ್ನಿಸುತ್ತಾರೆ. ಹಾಯಾಗಿರುತ್ತದೆ. ತಪ್ಪೇನು?
– ಕೆ. ಎನ್., ಯಶವಂತಪುರ

ಉತ್ತರ: ಸದ್ದು ಬರುವುದು ಕೀಲಿನ ದ್ರವದೊಳಗೆ ಒತ್ತಡ ಇಳಿದು ಅನಿಲದ ಗುಳ್ಳೆ ಮೂಡುವುದರಿಂದ. ಮೂಳೆ ಜಾಗಕ್ಕೆ ಕೂತ ಸದ್ದಲ್ಲ ಅದು. ಹಠಾತ್ತನೆ ತಿರುಚಿದಾಗ ಮಿದುಳಿಗೆ ಹೋಗುವ ಕತ್ತಿನ ರಕ್ತನಾಳದ ಒಳಪದರ ಹರಿಯಬಹುದು. ಇದು ಅಪರೂಪ, ಆದರೆ ಹಾಗೇನಾದರೂ ಹರಿದರೆ ಪಾರ್ಶ್ವವಾಯು ಬರಬಹುದು. ತಲೆ ಮಸಾಜ್ ಸಾಕು ಎಂದು ಮೊದಲೇ ಹೇಳಿಬಿಡಿ. ಹಾಗೆ ತಿರುಚಿಸಿದ ಮೇಲೆ ಹಿಂದೆಂದೂ ಇಲ್ಲದ ಕತ್ತು ನೋವು, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು ಬಂದರೆ ಮನೆಗೆ ಹೋಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಭುಜಕ್ಕೆಂದು ಹತ್ತು ಸಿಟ್ಟಿಂಗ್ ಪ್ಯಾಕೇಜ್ ಕಟ್ಟಿದ್ದೇನೆ. ಐದಾಯಿತು. ಬರೀ ಮಷಿನ್ ಹಚ್ಚಿ ಮಲಗಿಸುತ್ತಾರೆ. ಇದು ಸರಿಯೇ?
– ಪಿ. ವಿ., ಕೆಂಗೇರಿ

ಉತ್ತರ: ಕರೆಂಟ್ ಮಷಿನ್, ಅಲ್ಟ್ರಾಸೌಂಡ್ ಇವು ನೋವನ್ನು ಸ್ವಲ್ಪ ಹೊತ್ತು ಮರೆಸಬಹುದು, ಅವುಗಳಷ್ಟರಿಂದಲೇ ಬಿಗಿತ ಬಿಡುವುದಿಲ್ಲ. ಮೊದಲ ದಿನ ಕೋನಮಾಪಕ ಇಟ್ಟು ನಿಮ್ಮ ಕೈ ಎಷ್ಟು ಡಿಗ್ರಿ ಏಳುತ್ತದೆ, ಎಷ್ಟು ತಿರುಗುತ್ತದೆ ಎಂದು ಬರೆದುಕೊಂಡರೇ? ಇಲ್ಲವಾದರೆ ಆರನೆಯ ಸಿಟ್ಟಿಂಗಿನಲ್ಲಿ ಬರೆಸಿ. ನಿಮ್ಮ ತೊಂದರೆ ಸ್ನಾಯುವಿನದೋ, ಕ್ಯಾಪ್ಸ್ಯೂಲಿನದೋ, ಕುತ್ತಿಗೆಯದೋ ಎಂದು ಕೇಳಿ. ಎರಡು ವಾಕ್ಯದ ನೇರ ಉತ್ತರ ಸಿಗಬೇಕು. ಕೈಯಿಂದ ಚಿಕಿತ್ಸೆ ಕೊಟ್ಟ ತಕ್ಷಣ ಕೆಲವು ಡಿಗ್ರಿ ಹೆಚ್ಚುತ್ತದೆ. ಗಳಿಸಿದ್ದನ್ನು ಉಳಿಸಿಕೊಳ್ಳಲು ಅಲ್ಲೇ ಆ ಹೊಸ ಅಳತೆಯೊಳಗೆ ವ್ಯಾಯಾಮ ಮಾಡಿಸಿ, ಮನೆಗೆ ಎರಡು ಮೂರು ಹೇಳಿಕೊಡಬೇಕು. ಎಂಟು ಹತ್ತು ಕೊಟ್ಟರೆ ಯಾರೂ ಮಾಡುವುದಿಲ್ಲ. ಚಿಕಿತ್ಸೆ ಕೊಡುವವರಿಗೆ ಫಿಸಿಯೋಥೆರಪಿಯ ಬಿಪಿಟಿ (ಸ್ನಾತಕ) ಅಥವಾ ಎಂಪಿಟಿ (ಸ್ನಾತಕೋತ್ತರ) ಪದವಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. 2021ರ ಕೇಂದ್ರ ಕಾಯ್ದೆಯೊಂದು ಫಿಸಿಯೋಥೆರಪಿಯನ್ನೂ ನಿಯಂತ್ರಣದ ವ್ಯಾಪ್ತಿಗೆ ತಂದಿದೆ. ಉಳಿದ ಐದು ಸಿಟ್ಟಿಂಗನ್ನು ದಿನವೂ ಹೋಗಿ ಮುಗಿಸುವ ಬದಲು ವಾರಕ್ಕೆರಡರಂತೆ ಹಂಚಿ, ನಡುವಿನ ದಿನಗಳಲ್ಲಿ ಮನೆ ವ್ಯಾಯಾಮ ಮಾಡುತ್ತೇನೆಂದು ಕೇಳಿ ನೋಡಿ. ಹತ್ತನೆಯ ಸಿಟ್ಟಿಂಗಿನಲ್ಲಿ ಮತ್ತೆ ಅಳೆಯಲಿ. ಡಿಗ್ರಿ ಏರಿಲ್ಲ, ನೋವೂ ಇಳಿದಿಲ್ಲ ಎಂದಾದರೆ ಎರಡನೇ ಪ್ಯಾಕೇಜ್ ಕಟ್ಟುವ ಮೊದಲು ಮೂಳೆ ತಜ್ಞರಿಗೆ ತೋರಿಸಿ.